ಅಂಗಳದಲ್ಲಿ ಬಿಗಿದ ದಾರ

ಎಂಬತ್ತನೇ ಇಸವಿಯ ಸುಮಾರಿಗೆ ರಾಯಚೂರಿನಲ್ಲಿ ಗ್ಯಾರೇಜು ಇಟ್ಟವನು ನಾನು. ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಇದ್ದದ್ದು ಪಕ್ಕದ ಮನೆಯ ಹತ್ತಿ ದಲಾಲರ ಹತ್ತಿರ. ಗಾಲಿಗಳನ್ನು ನೇರಕ್ಕೆ ತರುವ ಅಲೈನ್‌ಮೆಂಟಿಗೂ ಅವರು ನನ್ನ ಹತ್ತಿರ ಬಂದವರಲ್ಲ. ಅಂಗಳದಲ್ಲೇ ಕಾರಿನ ಎರಡೂ ಬದಿಗೆ ಚೀಲ ಹೊಲಿಯುವ ದಾರ ಬಿಗಿದು, ಧೋತರ ಎತ್ತಿಕಟ್ಟಿ, ನೆಲಕ್ಕೆ ಕೆನ್ನೆಯಿಟ್ಟು ದಾರಕ್ಕೂ ಗಾಲಿಗೂ ನಡುವಿನ ಅಂತರ ಅಳೆಯುತ್ತಿದ್ದರು.

"ದಾರ ಸುಳ್ಳು ಹೇಳಂಗಿಲ್ರೀ," ಎನ್ನುತ್ತಿದ್ದರು, ಪ್ರತಿ ಸಲವೂ, ನನ್ನನ್ನೇ ನೋಡಿ.

ಒಮ್ಮೆ ಅವರು ನೀರು ಕುಡಿಯಲು ಒಳಗೆ ಹೋದಾಗ ದಾರದ ತುದಿಯನ್ನು ಒಂದು ಬೆರಳಿನಷ್ಟು ಸರಿಸಿದೆ. ಹೊರಬಂದವರು ಒಂದು ಕಣ್ಣು ಮುಚ್ಚಿ ನೋಡಿದರು. ದಾರವನ್ನು ಮತ್ತೆ ಸರಿಯಾಗಿ ಕಟ್ಟಿದರು. ಕೆಲಸ ಮುಗಿದ ಮೇಲೆ, "ಮಾನ್ವಿ ತನಕ ಹೋಗಿ ಬರೋಣ, ಬರ್ರಿ," ಎಂದರು.

ಹೊಲಗಳ ನಡುವಿನ ರಸ್ತೆಯಲ್ಲಿ ಸ್ಟೇರಿಂಗಿನಿಂದ ಎರಡೂ ಕೈ ತೆಗೆದರು. ಕಾರು ಗೆರೆ ಎಳೆದಂತೆ ನೇರ ಓಡಿತು. ಎಡಕ್ಕೋ ಬಲಕ್ಕೋ ಒಂದಿಷ್ಟು ಎಳೆಯಲಪ್ಪಾ ಎಂದು ದೇವರನ್ನು ಬೇಡಿಕೊಂಡೆ, ನಾನೂ ಅದರಲ್ಲೇ ಕೂತಿದ್ದೇನೆ ಎಂಬುದನ್ನು ಮರೆತು.