ಉಪ್ಪು ಹಚ್ಚಿದ ಮಾಸು

ಡಾಕ್ಟರು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು, ಒಳಗೆ ಇಣುಕಿದರು, ಆಮೇಲೆ ನನ್ನ ಅಮ್ಮನ ಮುಖ ನೋಡಿದರು.

ಒಳಗಿದ್ದದ್ದು ನನ್ನ ಮಾಸು. ಹೆರಿಗೆಯಾದ ಮೇಲೆ ಬೀಳುತ್ತದಲ್ಲ, ಪ್ಲಸೆಂಟಾ, ಅದು. ಅಮ್ಮ ಅದಕ್ಕೆ ಚೆನ್ನಾಗಿ ಉಪ್ಪು, ಅರಿಶಿನ ಹಚ್ಚಿಟ್ಟಿದ್ದರು.

ಎಂಬತ್ತರ ದಶಕದ ಆರಂಭದ ಮಾತಿದು. ಆ ವಾರ ತೊಕ್ಕೊಟ್ಟಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನನ್ನ ಎರಡನೇ ಮಗು ಉಸಿರಿಲ್ಲದೆ ಹುಟ್ಟಿತ್ತು. ಮೊದಲನೆಯದೂ ಹಾಗೆಯೇ ಹೋಗಿತ್ತು, ಏಳನೇ ತಿಂಗಳಲ್ಲಿ.

ಮನೆಯಲ್ಲಿ ಎಲ್ಲರೂ ಜೋಯಿಸರ ಹತ್ತಿರ ಪ್ರಶ್ನೆ ಇಡುವ ಮಾತಾಡುತ್ತಿದ್ದರು. ನಾಗದೋಷವೋ, ದೈವದ ಮುನಿಸೋ... ನನಗೂ ಪ್ರಶ್ನೆಯೇ ಇತ್ತು, ಆದರೆ ಅದನ್ನು ಯಾರ ಮುಂದೆ ಇಡುವುದು ಅಂತ ಗೊತ್ತಿರಲಿಲ್ಲ. ಸಣ್ಣದಿರುವಾಗ ಮನೆಯ ರೇಡಿಯೋ ಯಾಕೆ ಹಾಡುತ್ತದೆ ಅಂತ ಬಿಚ್ಚಿ ನೋಡಿ ಬೈಗುಳ ತಿಂದವಳು ನಾನು. ನನ್ನದೇ ಹೊಟ್ಟೆಯೊಳಗೆ ಎರಡು ಸಲ ಏನಾಯಿತು ಅಂತ ತಿಳಿಯದೆ ಸುಮ್ಮನೆ ಮಲಗುವುದು ನನ್ನಿಂದಾಗದು.

ನರ್ಸಿಂಗ್ ಹೋಮಿನ ಲೇಡಿ ಡಾಕ್ಟರೇ ದಾರಿ ತೋರಿಸಿದ್ದು. ಪೇಟೆಯಲ್ಲಿ ಒಬ್ಬರು ಪ್ಯಾಥಾಲಜಿ ಡಾಕ್ಟರು ಇದ್ದಾರೆ, ಹೀಗೆ ಮಕ್ಕಳು ಹೋದಾಗ ಮಾಸನ್ನು ಪರೀಕ್ಷೆ ಮಾಡುತ್ತಾರೆ, ಅವರು ರಜೆ ಮುಗಿಸಿ ಬರುವವರೆಗೆ ಕೆಡದ ಹಾಗೆ ಇಡಿ ಅಂದರು.

ಮಾಸನ್ನು ಬೇರೆಯವರ ಕೈಗೆ ಕೊಡುವುದು ನಮ್ಮಲ್ಲಿ ಇಲ್ಲ. ಮನೆಗೆ ತಂದು ಹಿತ್ತಲಲ್ಲಿ ಹೂತು, ನಾಯಿ ಕೆದಕದ ಹಾಗೆ ಮೇಲೊಂದು ಕಲ್ಲು ಇಡಬೇಕು. ಅಂಥದ್ದರಲ್ಲಿ ನನ್ನ ಹಟಕ್ಕೆ ಅಮ್ಮ ಒಪ್ಪಿದ್ದೇ ದೊಡ್ಡದು.

ಆದರೆ ಕೆಡದ ಹಾಗೆ ಇಡುವುದು ಅಂದರೆ ಅಮ್ಮನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಬಂದರಿನಿಂದ ಹೆಚ್ಚು ಮೀನು ಬಂದ ದಿನ ಮಾಡುತ್ತಿದ್ದದ್ದನ್ನೇ ಇದಕ್ಕೂ ಮಾಡಿದರು.

ಅಮ್ಮ ಡಬ್ಬಿ ಹಿಡಿದು ಪೇಟೆಗೆ ಹೊರಟಾಗ, ಬಾಣಂತಿ ಹೊಸ್ತಿಲು ದಾಟಬಾರದು ಅಂತ ಎಲ್ಲರೂ ಬೈದರೂ ನಾನು ಜೊತೆಗೆ ಹೋಗಿದ್ದೆ.

ಪ್ಯಾಥಾಲಜಿ ಡಾಕ್ಟರು ಬೈಯಲಿಲ್ಲ. "ಅಮ್ಮಾ, ಉಪ್ಪು ಎಲ್ಲ ನೀರು ಎಳೆದುಬಿಟ್ಟಿದೆ. ಇನ್ನು ಇದರಲ್ಲಿ ನೋಡ್ಲಿಕ್ಕೆ ಎಂತದೂ ಇಲ್ಲ" ಅಂದರು.

ವಾಪಸ್ ಬರುವಾಗ ಬಸ್ಸು ನೇತ್ರಾವತಿ ಸೇತುವೆ ದಾಟಿತು. ಅಮ್ಮ ಮಡಿಲಲ್ಲಿ ಡಬ್ಬಿ ಹಿಡಿದುಕೊಂಡು ಕೂತಿದ್ದರು. ಮನೆಗೆ ಬಂದವರೇ ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋದರು.

ನನಗೆ ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಉತ್ತರ ಕೈಗೆ ಬಂದು ಜಾರಿಹೋಗಿತ್ತು.

ಮೂರನೆಯ ಸಲ ಬಸುರಿಯಾದಾಗ ಆ ಡಾಕ್ಟರು ಮೊದಲೇ ಒಂದು ದೊಡ್ಡ ಬಾಟಲಿಯಲ್ಲಿ ಮಾಸು ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರಾವಣ ಕೊಟ್ಟು ಕಳಿಸಿದರು. ಬೇಕಾದರೆ ಇರಲಿ, ಬೇಡವಾದರೆ ವಾಪಸ್ ಕೊಡಿ ಅಂದಿದ್ದರು.

ತಿಂಗಳುಗಟ್ಟಲೆ ಆ ಬಾಟಲಿ ನಮ್ಮ ಕಪಾಟಿನ ಮೇಲೆ ಕೂತಿತ್ತು. ಅದು ಬೇಕಾಗದೇ ಇರಲಿ ಅಂತ ದೈವಕ್ಕೆ ಹರಕೆ ಹೇಳಿದ್ದೂ ಅಮ್ಮನೇ, ಧೂಳು ಕೂರದಂತೆ ಅದನ್ನು ಒರೆಸಿಟ್ಟದ್ದೂ ಅಮ್ಮನೇ.

ಬೇಕಾಯಿತು.

ಈ ಸಲ ಉಪ್ಪಿಲ್ಲ, ಅರಿಶಿನವಿಲ್ಲ. ಅಮ್ಮ ತಮ್ಮ ಕೈಯಾರೆ ಮಾಸನ್ನು ಬಾಟಲಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿ ಡಾಕ್ಟರಿಗೆ ಮುಟ್ಟಿಸಿ ಬಂದರು.

ಸ್ವಲ್ಪ ದಿನ ಕಳೆದು ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ನಾನು ನೋಡಬಹುದಾ ಅಂತ ಕೇಳಿದೆ. ಅವರು ಎದ್ದು ತಮ್ಮ ಸ್ಟೂಲನ್ನೇ ಬಿಟ್ಟುಕೊಟ್ಟರು.

ಮೈಕ್ರೋಸ್ಕೋಪಿಗೆ ಕಣ್ಣಿಡುತ್ತೇನೆ... ಗುಲಾಬಿ ಬಣ್ಣದ ಸಣ್ಣ ಸಣ್ಣ ಕುದ್ರುಗಳು, ಸೇತುವೆ ಮೇಲಿಂದ ಹೊಳೆಯ ನಡುವೆ ಕಾಣುವ ದ್ವೀಪಗಳ ಹಾಗೆ. ಅವು ಮಗುವಿನ ಕಡೆಯವು, ನಡುವಿನ ಜಾಗದಲ್ಲಿ ತಾಯಿಯ ರಕ್ತ ಸಲೀಸಾಗಿ ಹರಿಯಬೇಕು ಅಂತ ಡಾಕ್ಟರು ವಿವರಿಸಿದರು. ಆದರೆ ಅಲ್ಲಿ ಹರಿಯಲು ಜಾಗವೇ ಇಲ್ಲ. ತುಂಬಾ ನೇರಳೆ ಚುಕ್ಕೆಗಳು, ಒತ್ತೊತ್ತಾಗಿ.

ಚಂದ ಇತ್ತು. ಹೀಗೆ ಹೇಳಬಾರದೇನೋ, ಆದರೆ ಚಂದವೇ ಇತ್ತು.

"ಈ ಚುಕ್ಕೆಗಳು ಯಾರದ್ದು ಡಾಕ್ಟ್ರೇ?"

"ನಿಮ್ಮದೇ" ಅಂದರು.

ಅವು ರೋಗಾಣು ಬಂದರೆ ಓಡಿಸುವ ಬಿಳಿ ರಕ್ತಕಣಗಳು ಅಂತೆ. ಇಲ್ಲಿ ಯಾವ ರೋಗವೂ ಕಾಣುತ್ತಿಲ್ಲ, ಆದರೂ ಗುಂಪು ಕಟ್ಟಿವೆ. ಯಾಕೆ ಅಂತ ಕೇಳಿದೆ. "ಗೊತ್ತಿಲ್ಲ, ನಾನು ನೋಡುತ್ತಿರುವುದೇ ಮೊದಲ ಸಲ, ಪುಸ್ತಕದಲ್ಲೂ ಸರಿಯಾಗಿ ಇಲ್ಲ" ಅಂದರು ಡಾಕ್ಟರು. ಇನ್ನೊಮ್ಮೆಯೂ ಹೀಗೇ ಆಗಬಹುದಾ ಅಂದದ್ದಕ್ಕೆ, ಆಗಬಹುದು ಅಂತ ನೇರವಾಗಿಯೇ ಹೇಳಿದರು.

ಅಷ್ಟು ದಿನ ಬೇಕು ಬೇಕು ಅಂತಿದ್ದ ಉತ್ತರ ಸಿಕ್ಕಿತ್ತು. ಹಾಗಾದರೆ ನನ್ನ ಮೈಯೇ ಮಕ್ಕಳನ್ನು ಕೊಂದದ್ದಲ್ವಾ ಅಂತ ಬಾಯಿಬಿಟ್ಟೇ ಹೇಳಿದೆ.

ಹಿಂದೆ ನಿಂತಿದ್ದ ಅಮ್ಮ ನನ್ನ ಹೆಗಲ ಮೇಲೆ ಕೈ ಇಟ್ಟರು.

"ಮನೆ ಕಾಯುವ ನಾಯಿ ಅಲ್ವಾ ಅದು. ಬಂದ ಮಗು ನಮ್ಮದೇ ಅಂತ ಅದಕ್ಕೆ ಗೊತ್ತಾಗ್ಲಿಲ್ಲ. ಅದರಲ್ಲಿ ನಿನ್ನದು ಎಂತ ತಪ್ಪು ಉಂಟು, ಮಗಾ?"

ಆಮೇಲೆ ಪ್ರಶ್ನೆ ಇಡುವ ಮಾತನ್ನು ಅಮ್ಮ ಯಾರಿಗೂ ಎತ್ತಲು ಬಿಡಲಿಲ್ಲ. ನಾಲ್ಕನೆಯದಕ್ಕೆ ನಾನು ಹೋಗಲಿಲ್ಲ, ನನ್ನ ಗಂಡನೂ ಒತ್ತಾಯ ಮಾಡಲಿಲ್ಲ.

ಆ ದಿನ ಡಾಕ್ಟರ ಹತ್ತಿರದಿಂದ ಹೊರಡುವ ಮುಂಚೆ ಅಮ್ಮ ಇನ್ನೊಂದು ಕೇಳಿದ್ದರು, ಉಳಿದದ್ದನ್ನು ನಮಗೆ ಕೊಡಿ ಅಂತ. ಡಾಕ್ಟರು ಕೊಟ್ಟರು. ಮೊದಲಿನ ಎರಡರ ಪಕ್ಕದಲ್ಲಿ ಅದನ್ನೂ ಹೂತು ಕಲ್ಲು ಇಟ್ಟೆವು.

ಮೊನ್ನೆ ಮೆಡಿಕಲ್ ಓದುತ್ತಿರುವ ತಮ್ಮನ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಈ ತೊಂದರೆಗೆ ಈಗ ಒಂದು ಉದ್ದದ ಹೆಸರು ಉಂಟಂತೆ. ಔಷಧಿಗಳನ್ನೂ ಪ್ರಯತ್ನಿಸುತ್ತಾರಂತೆ, ಆದರೆ ಯಾಕೆ ಆಗುತ್ತದೆ ಅಂತ ಇವತ್ತಿಗೂ ಪೂರ್ತಿ ಗೊತ್ತಿಲ್ಲವಂತೆ.

ಅವಳು ಹೋದ ಮೇಲೆ ನಾನು ಯೋಚಿಸಿದ್ದು ಅವತ್ತು ಮೈಕ್ರೋಸ್ಕೋಪಿನಲ್ಲಿ ನೋಡಿದ ಆ ಗಾಜಿನ ಸ್ಲೈಡಿನ ಬಗ್ಗೆ. ಮಣ್ಣಿಗೆ ಹೋಗದೆ ಉಳಿದದ್ದು ಅದೊಂದೇ. ಅದರಲ್ಲಿ ನಾನೂ ನನ್ನ ಮಗುವೂ ಅಕ್ಕಪಕ್ಕದಲ್ಲೇ ಇದ್ದೇವೆ.

ಪ್ಯಾಥಾಲಜಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ಅಷ್ಟು ಹಳೆಯ ಸ್ಲೈಡುಗಳನ್ನು ನೀವು ಇಟ್ಟುಕೊಂಡಿರುತ್ತೀರಾ?