ಕುರಿಯ ಲೆಕ್ಕ ಯಾವ ಮಾತಿನಲ್ಲಿ

ನಾನು ಕೊಪ್ಪಳದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ ನಮ್ಮದು ನಿಜಾಮರ ಸೀಮೆ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ನಾನು ಕಂಡ ಸಾಲೆಗಳಲ್ಲಿ ಕನ್ನಡದ ಓದು ಒಂದಿಷ್ಟು ಇದ್ದರೂ ಲೆಕ್ಕ ಮತ್ತು ಪರೀಕ್ಷೆ ಉರ್ದುವಿನಲ್ಲೇ ನಡೆಯುತ್ತಿದ್ದವು. ನನಗದು ತೊಡಕಾಗಿರಲಿಲ್ಲ. ಅಪ್ಪ ತಹಶೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಪಕ್ಕದಲ್ಲಿ ಕುಳಿತೇ ನಾನು ಉರ್ದು ಕಲಿತಿದ್ದೆ. ಎರಡೂ ಭಾಷೆ ಬಲ್ಲ ಶಿಕ್ಷಕಿ, ನಮ್ಮ ಜನರ ಮಾತಿನಲ್ಲಿ 'ಬಾಯಿ', ಆಗ ನಮ್ಮ ಕಡೆ ಅಪರೂಪ. ಹಾಗಾಗಿ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹೈದರಾಬಾದಿನಿಂದ ಒಬ್ಬ ಶಿಕ್ಷಣಾಧಿಕಾರಿ ಬಂದಾಗ ನನಗೆ ಕರೆ ಬಂತು.

ಸಾಹೇಬರು ಮಧ್ಯವಯಸ್ಸಿನ ಸಣಕಲು ಮನುಷ್ಯ. ಕಪ್ಪು ಶೇರವಾನಿ, ಮೆಲುದನಿ. ಹಿಂದೆ ಗಣಿತದ ಮಾಸ್ತರರಾಗಿದ್ದವರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಕಡೆಯ ಮಕ್ಕಳು ಲೆಕ್ಕದಲ್ಲಿ ಯಾಕೆ ಇಷ್ಟು ಹಿಂದೆ ಎಂದು ವಿಚಾರಿಸಿ ವರದಿ ಕೊಡುವುದು ಅವರ ಕೆಲಸ. ಊರೂರಿಗೆ ಹೋಗಿ ಮೂರನೆಯ ಈಯತ್ತೆಯ ಮಕ್ಕಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕು, ಮಕ್ಕಳಾಡುವ ಮಾತನ್ನು ನಾನು ಅವರಿಗೆ ತಿಳಿಸಬೇಕು. ನಾವಿಬ್ಬರೂ ಮಾತಾಡುತ್ತಿದ್ದದ್ದು ಉರ್ದುವಿನಲ್ಲಿ; ಇಲ್ಲಿ ಅದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಪರ ಗಂಡಸಿನ ಜತೆ ಮಗಳು ಊರೂರು ತಿರುಗುವುದೆಂದರೆ ಅವ್ವ ಒಪ್ಪುವಂತಿರಲಿಲ್ಲ. ಕೊನೆಗೆ ನನ್ನ ಸೋದರತ್ತೆ ಜತೆಗೆ ಬರುವುದೆಂದು ತೀರ್ಮಾನವಾಯಿತು. ಅತ್ತೆ ಎತ್ತಿನ ಚಕ್ಕಡಿ ಹತ್ತುತ್ತಲೇ ಸಾಹೇಬರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಲೆಕ್ಕ ಕೇಳಾಕ ಅಷ್ಟು ದೂರದಿಂದ ಬಂದಾರ, ಬಿಸಲಾಗ ಛತ್ರಿ ತರೂದು ಮರತಾರ ನೋಡು" ಎಂದಳು. ನಾನು ಅದನ್ನು ಅನುವಾದಿಸಲಿಲ್ಲ.

ಮೊದಲು ಹೋದದ್ದು ಕುಷ್ಟಗಿಗೆ. ಅಲ್ಲಿಯ ಮಾಸ್ತರರು ಬಾಗಿಲಲ್ಲೇ ಕಾದಿದ್ದರು. ತಮ್ಮ ನೌಕರಿಯ ಮೇಲೇ ವಿಚಾರಣೆ ಬಂದಿದೆ ಎಂಬ ಭಯ ಅವರಿಗೆ. ಮಕ್ಕಳಿಗೆ ಮಿಂದು ಬರಲು ಹೇಳಿ, ಸಾಲಾಗಿ ಕೂರಿಸಿದ್ದರು. ಸಾಹೇಬರು ಒಳಗೆ ಕಾಲಿಟ್ಟದ್ದೇ ಮಕ್ಕಳೆಲ್ಲ ಎದ್ದು ಸಲಾಮು ಹೊಡೆದವು, ಕೂತವು, ಆಮೇಲೆ ಕಲ್ಲಾದವು. ಬೋರ್ಡಿನ ಮೇಲೆ ಉರ್ದುವಿನಲ್ಲಿ ಪ್ರಶ್ನೆ ಬರೆದದ್ದಾಯಿತು. ಮಾಸ್ತರರು ಸಾಲುಗಳ ನಡುವೆ ಓಡಾಡುತ್ತ ಬೆರಳು ಮಡಚಿ ತೆರೆದು ಉತ್ತರ ತೋರಿಸುತ್ತಿದ್ದದ್ದನ್ನು ನಾನೂ ನೋಡಿದೆ, ಸಾಹೇಬರೂ ನೋಡಿದರು. ಆದರೂ ಬಳಪದ ಪಾಟಿಗಳಲ್ಲಿ ಹೆಚ್ಚಿನವು ಖಾಲಿ.

ಹೊರಗೆ ಬಂದು ಸಾಹೇಬರು ನಿಟ್ಟುಸಿರು ಬಿಟ್ಟರು. "ಈ ಮಕ್ಕಳಿಗೆ ಕಳೆಯೂ ಲೆಕ್ಕ ಬರೂದಿಲ್ಲ ಅಂತ ಬರೀಬೇಕಾಗ್ತೈತಿ."

"ಹಂಗ ಬರೀಬ್ಯಾಡ್ರಿ," ಎಂದೆ. "ನೀವು ಕೇಳಿದ್ದು ಲೆಕ್ಕ ಅಲ್ಲ, ಉರ್ದು. ಅವು ಉತ್ತರ ಕೊಡದಿದ್ದದ್ದೂ ಉರ್ದುಕ್ಕ."

"ಅದನ್ನ ಹೆಂಗ ತೋರಸ್ತೀರಿ?"

"ಇದ ಪ್ರಶ್ನಿ ನಾನು ಕನ್ನಡದಾಗ ಕೇಳ್ತೀನಿ. ಆದ್ರ ನೀವು ಒಳಗ ಇರಬಾರದು. ಮಾಸ್ತರೂ ಇರಬಾರದು."

ಅಧಿಕಾರಿಗೆ ಹೊರಗೆ ಕೂಡ್ರಿ ಎಂದು ಹೇಳುವುದು ಸಣ್ಣ ಮಾತಲ್ಲ. ಮಾಸ್ತರರು ಬೇಡವೆಂದು ನನಗೆ ಕೈಸನ್ನೆ ಮಾಡಿದರು. ನನಗೆ ಮಾತ್ರ ಅಳುಕಿರಲಿಲ್ಲ. ಮಕ್ಕಳ ಬಾಯಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದನ್ನು ದಿನಾ ಕಾಣುತ್ತಿದ್ದವಳು ನಾನು. ಸಾಹೇಬರು ಸಿಟ್ಟಾಗಲಿಲ್ಲ. "ನಾನು ಒಳಗ ಇಲ್ಲಂದ್ರ ಮಕ್ಕಳು ಏನಂದ್ವು ಅಂತ ನನಗ ಹೆಂಗ ಗೊತ್ತಾಗಬೇಕು? ನಿಮ್ಮ ಮಾತ ನಂಬಬೇಕೇನು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾಗಿತ್ತು. ಕಿಟಕಿಯ ಹೊರಗೆ ಬೇವಿನ ನೆರಳಲ್ಲಿ ಅವರಿಗೊಂದು ಕುರ್ಚಿ ಹಾಕಿಸಿದೆ. ಒಂದರಿಂದ ನೂರರವರೆಗಿನ ಕನ್ನಡದ ಅಂಕಿಗಳನ್ನು ಅಂದು ಮಧ್ಯಾಹ್ನವೇ ಅವರಿಗೆ ಬಾಯಿಪಾಠ ಮಾಡಿಸಿದೆ. ಮೂವತ್ತೊಂಬತ್ತಕ್ಕೆ ಬಂದಾಗ ಅವರು ನಾಲಿಗೆ ತೊಡರಿ ನಕ್ಕರು; ಅತ್ತೆಯೂ ನಕ್ಕಳು.

ಮರುದಿನ ನಾನು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಕೇಳಿದೆ: "ಒಬ್ಬನ ಹತ್ರ ಹದಿನೆಂಟು ಕುರಿ ಇದ್ದೂವು. ಏಳು ಮಾರಿದ. ಆಮ್ಯಾಲೆ ಎರಡು ಮರಿ ಹುಟ್ಟಿದ್ವು. ಈಗ ಕುರಿ ಎಷ್ಟು?"

ಉತ್ತರಗಳು ಒಂದರ ಮೇಲೊಂದು ಬಂದವು. ಹದಿಮೂರು, ಹದಿಮೂರು. ಕುರುಬರ ಮನೆಯ ಒಬ್ಬ ಹುಡುಗಿ ಮಾತ್ರ ಹನ್ನೊಂದು ಎಂದಳು. ಕಿಟಕಿಯ ಹೊರಗೆ ಸಾಹೇಬರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಯಾಕವಾ, ಹನ್ನೊಂದು ಹೆಂಗಾತು?"

"ಮರಿ ಎಣಸಬೇಕನ್ರಿ? ನೀವು ಕುರಿ ಎಷ್ಟು ಅಂದ್ರಲ್ರಿ."

ಆಕೆಯದು ತಪ್ಪಾಗಿರಲಿಲ್ಲ. ತಪ್ಪಿದ್ದದ್ದು ಪ್ರಶ್ನೆಯಲ್ಲಿ. ಅಂದು ಸಂಜೆ ಸಾಹೇಬರೂ ನಾನೂ ಕುಳಿತು ಎಲ್ಲ ಪ್ರಶ್ನೆಗಳನ್ನೂ ಮತ್ತೆ ಬರೆದೆವು. ಕುಷ್ಟಗಿಯ ಮಗು ಕಂಡಿರದ ರೈಲಿನ ಲೆಕ್ಕ ತೆಗೆದೆವು. ಕುರಿ ಮರಿ ಎಲ್ಲಾ ಕೂಡಿ ಎಷ್ಟು ಎಂದು ಬಿಡಿಸಿ ಹೇಳಿದೆವು.

ನಾನು ಗೆದ್ದೆನೆಂದೇ ಎಣಿಸಿದ್ದೆ. ಆದರೆ ಯಲಬುರ್ಗಿಯ ದಾರಿಯಲ್ಲಿ ಸಾಹೇಬರು ಚಕ್ಕಡಿಯಲ್ಲಿ ಒಮ್ಮೆಲೇ ಅಂದರು: "ಬಾಯೀ, ಒಂದು ಮಾತು. ಆ ಮಕ್ಕಳು ಹಿಂದಿನ ದಿನ ಉರ್ದುದಾಗ ಇದ ಲೆಕ್ಕ ನೋಡಿದ್ರು. ಮನಿಗೆ ಹೋಗಿ ಅಣ್ಣನ್ನ ಕೇಳಿರಬಹುದು. ಎರಡನೇ ಸಲ ಯಾರಿಗಾದ್ರೂ ಛಲೋ ಬರ್ತೈತಿ. ಕನ್ನಡದಿಂದ ಆತು ಅಂತ ಹೆಂಗ ಹೇಳೂದು?"

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಮಾತಿನಲ್ಲಿ ಹುರುಳಿದೆ ಅನಿಸಿತು. ಚಕ್ಕಡಿಯ ಗಾಲಿ ಕಲ್ಲಿನ ಮೇಲೆ ಎಗರುತ್ತಿದ್ದಾಗಲೇ ನನಗೆ ಹಾದಿ ಹೊಳೆಯಿತು. "ಯಲಬುರ್ಗ್ಯಾಗ ಮಕ್ಕಳನ್ನ ಎರಡು ಪಾಲು ಮಾಡೂಣು. ಅರ್ಧ ಮಕ್ಕಳಿಗೆ ಮೊದಲು ಕನ್ನಡ, ಮರುದಿನ ಉರ್ದು. ಉಳಿದ ಅರ್ಧಕ್ಕ ಮೊದಲು ಉರ್ದು, ಆಮ್ಯಾಲೆ ಕನ್ನಡ. ಎರಡನೇ ಸಲ ಅನ್ನೂ ಕಾರಣಕ್ಕ ಬಂದ್ರ, ಮೊದಲು ಕನ್ನಡ ಕೇಳಿದವರಿಗೆ ಮರುದಿನ ಉರ್ದುನೂ ಬರಬೇಕಲ್ರಿ?"

ಸಾಹೇಬರು ನನ್ನ ಮುಖ ನೋಡಿದರು. "ಪಾಲು ಯಾರು ಮಾಡೋರು? ಮಾಸ್ತರು ಮಾಡಿದ್ರ ಜಾಣರನ್ನೆಲ್ಲ ಒಂದು ಕಡೆ ಹಾಕ್ತಾರ."

"ಚೀಟಿ ಎತ್ತೂಣು."

ಯಲಬುರ್ಗಿಯಲ್ಲಿ ಚೀಟಿ ಎತ್ತಿದವಳು ಅತ್ತೆ. ಯಾವ ಮಗುವೂ ಆಕೆಗೆ ಗೊತ್ತಿರಲಿಲ್ಲ, ಆಕೆಗೆ ಓದಲೂ ಬರುತ್ತಿರಲಿಲ್ಲ. ಅದಕ್ಕಿಂತ ಒಳ್ಳೆಯ ಕೈ ಬೇರೆಲ್ಲಿ ಸಿಗಬೇಕು? ಆಕೆ ಆ ಕೆಲಸವನ್ನು ದೇವರಿಗೆ ಹೂ ಏರಿಸುವಷ್ಟು ಗಂಭೀರವಾಗಿ ಮಾಡಿದಳು. ನಾನೆಂದ ಹಾಗೇ ಆಯಿತು. ಮೊದಲ ದಿನ ಕನ್ನಡದಲ್ಲಿ ಚಕಚಕನೆ ಉತ್ತರ ಹೇಳಿದ ಮಕ್ಕಳೇ ಮರುದಿನ ಉರ್ದು ಪ್ರಶ್ನೆಯ ಮುಂದೆ ಪಾಟಿಯ ಅಂಚು ಕಚ್ಚುತ್ತ ಕುಳಿತವು. ಆ ಸಲ ಉರ್ದು ಪ್ರಶ್ನೆಯನ್ನೂ ನಾನೇ, ನೆಲದ ಮೇಲೆ ಕುಳಿತೇ, ಅದೇ ದನಿಯಲ್ಲಿ ಕೇಳಿದ್ದೆ. ಹಾಗಾಗಿ ಶೇರವಾನಿಯ ಭಯ ಎನ್ನಲೂ ಜಾಗವಿರಲಿಲ್ಲ. ಸಾಹೇಬರು ಕಿಟಕಿಯ ಹೊರಗಿಂದ ಎದ್ದು ಬಂದು, "ಖರೆ ಐತಿ ಬಾಯೀ" ಎಂದಷ್ಟೇ ಹೇಳಿದರು.

ಗಂಗಾವತಿ ಬೇರೆಯೇ ಪಾಠ ಕಲಿಸಿತು. ಹಳೆಯ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿಯ ವ್ಯಾಪಾರ. ಅಲ್ಲಿಯ ಸಾಲೆಯಲ್ಲಿ ಮೂರು ಮಾತಿನ ಮಕ್ಕಳಿದ್ದರು. ಮನೆಯಲ್ಲಿ ಉರ್ದು ಆಡುವ ಮಕ್ಕಳು ಉರ್ದುವಿನಲ್ಲಿ ಸರಾಗವಾಗಿ ಲೆಕ್ಕ ಮಾಡಿ, ನನ್ನ ಕನ್ನಡ ಪ್ರಶ್ನೆಗೆ ತಡವರಿಸಿದವು. ಅಕ್ಕಿ ವ್ಯಾಪಾರಿಯೊಬ್ಬರ ಮಗಳು ಎರಡಕ್ಕೂ ಬಾಯಿ ಬಿಡಲಿಲ್ಲ. ಆಕೆಯ ಮನೆಮಾತು ತೆಲುಗು. ಅಂಗಡಿಗೆ ಹೋಗಿ ಆಕೆಯ ತಂದೆಯನ್ನು ಕರೆದುಕೊಂಡು ಬಂದೆ. ಅವರು ಒಲ್ಲೆನೆನ್ನದೆ, ಪಂಚೆ ಕೊಡವಿಕೊಂಡು ಬಂದು, ನಾನು ಕನ್ನಡದಲ್ಲಿ ಹೇಳಿದ್ದನ್ನು ತೆಲುಗಿನಲ್ಲಿ ಕೇಳಿದರು. ಸುಳಿವು ಕೊಡಬಾರದೆಂದು ಗೋಡೆಯ ಕಡೆ ಮುಖ ಮಾಡಿ ನಿಲ್ಲಲು ಹೇಳಿದ್ದೆ, ಹಾಗೇ ನಿಂತರು. ಹುಡುಗಿ ಕೂಡಲೇ ಉತ್ತರ ಹೇಳಿದಳು. ತಂದೆಗೆ ತಿರುಗಿ ನೋಡದೆ ಇರಲಾಗಲಿಲ್ಲ. "ಈಕಿಗೆ ಏನೂ ಬರಂಗಿಲ್ಲ ಅಂದಿದ್ರಲ್ರಿ ಸಾಲ್ಯಾಗ!" ಎಂದು ಮಗಳನ್ನು ಎತ್ತಿಕೊಂಡೇ ಬಿಟ್ಟರು.

ನಾನು ಮನೆಯಿಂದ ಹೊರಟದ್ದು ಕನ್ನಡದ ಪರವಾಗಿ ವಾದಿಸಲು. ಗಂಗಾವತಿಯಲ್ಲಿ ನನ್ನ ವಾದ ಬದಲಾಯಿತು, ಬದಲಾಗಿ ಗಟ್ಟಿಯಾಯಿತು. ಚಿಕ್ಕ ಮಗುವಿಗೆ ಲೆಕ್ಕ ಕೇಳಬೇಕಾದರೆ ಅದರ ಮನೆಯ ಮಾತಿನಲ್ಲಿ ಕೇಳಬೇಕು. ಆ ಮಾತು ಯಾವುದು ಎಂದು ಮೊದಲು ತಿಳಿದುಕೊಳ್ಳಬೇಕು. ಸಾಹೇಬರಿಗೆ ಇದೇ ಹೆಚ್ಚು ಒಪ್ಪಿಗೆಯಾಯಿತು. "ನಿಮ್ಮ ಭಾಷಾದ ಪರ ಬರದ್ರ ಮ್ಯಾಲಿನವರು ಜಗಳ ಅಂತಾರ. ಮಕ್ಕಳ ಪರ ಬರದ್ರ ಏನಂತಾರ ನೋಡೂಣು" ಎಂದರು.

ಕೊಪ್ಪಳದಲ್ಲಿ ನನ್ನದೇ ಸಾಲೆ. ಅಲ್ಲಿ ಕೇಳಲು ನಾನು ಒಪ್ಪಲಿಲ್ಲ. ನನ್ನ ಮಕ್ಕಳಿಗೆ ನನ್ನ ಹುಬ್ಬಿನ ಅರ್ಥವೂ ಗೊತ್ತು. ಬೇರೊಬ್ಬ ಶಿಕ್ಷಕಿ ಬಂದು ಕೇಳಿದರು, ನಾನು ಅಂಗಳದಲ್ಲಿ ಅತ್ತೆಯ ಜತೆ ಕುಳಿತಿದ್ದೆ. ಒಳಗಿನಿಂದ ಬರುತ್ತಿದ್ದ ಉತ್ತರಗಳನ್ನು ಕೇಳುತ್ತ ಕೂರುವುದು ನನಗೆ ಆ ಇಡೀ ತಿರುಗಾಟದಲ್ಲೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಅಲ್ಲೂ ಮನೆಮಾತಿನಲ್ಲಿ ಕೇಳಿದಾಗಲೇ ಉತ್ತರ ಸರಾಗ ಬಂದವು.

ವರದಿ ಹೈದರಾಬಾದಿಗೆ ಹೋಯಿತು. ಸಾಹೇಬರು ಅದರಲ್ಲಿ ಪ್ರಶ್ನೆ ಕೇಳಿದ ಬಗೆಯನ್ನೆಲ್ಲ ನನ್ನ ಹೆಸರು ಹಾಕಿ ಬರೆದು, ಕಳಿಸುವ ಮೊದಲು ನನಗೆ ಓದಿ ತೋರಿಸಿದರು. ಬಹಳ ದಿನ ಏನೂ ಬರಲಿಲ್ಲ. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಆಮೇಲೆ ಬಂದ ಅಪ್ಪಣೆ ಚಿಕ್ಕದು: ಮೊದಲೆರಡು ಈಯತ್ತೆಗಳಲ್ಲಿ ಬಾಯಿಲೆಕ್ಕವನ್ನು ಮಗುವಿನ ಮನೆಮಾತಿನಲ್ಲಿ ಕೇಳಬಹುದು, ಸದ್ಯ ಪರೀಕ್ಷಾರ್ಥವಾಗಿ. ನಾನು ಕೇಳಿದ್ದರಲ್ಲಿ ಅದು ಒಂದು ತುಣುಕು. ಆದರೆ ಆ ತುಣುಕನ್ನು ಹಿಡಿದು ನಾನು ಮರುದಿನದಿಂದಲೇ ಕೆಲಸ ಶುರು ಮಾಡಿದೆ.

ಮುಂದಿನ ವರ್ಷ ಸುತ್ತಲ ಹಳ್ಳಿಗಳ ಮಾಸ್ತರರು ಒಬ್ಬೊಬ್ಬರಾಗಿ ಬಂದು ನನ್ನ ತರಗತಿಯ ಹಿಂದೆ ಕುಳಿತು ನೋಡತೊಡಗಿದರು. ನವಲಿ ಕಡೆಯಿಂದ ಬಂದ ಒಬ್ಬರು ಪಾಠ ಮುಗಿದ ಮೇಲೆ ಕೇಳಿದರು, "ಇದು ನಮ್ಮೂರಾಗೂ ನಡೀತೈತೇನ್ರಿ ಬಾಯಾರ?"

"ನಾವು ಹೋದಲ್ಲೆಲ್ಲಾ ನಡದೈತ್ರಿ," ಎಂದೆ. "ನಿಮ್ಮೂರಿನದು ನನಗ ಗೊತ್ತಿಲ್ಲ. ಮಕ್ಕಳ ಜತಿ ನೆಲದ ಮ್ಯಾಲೆ ಕುಂತು ನೀವ ಕೇಳಿ ನೋಡ್ರಿ."