ಗೊತ್ತಿಲ್ಲದವರು ಯಾವ ಕೈಯಲ್ಲಿ ಹಿಡಿಯಬೇಕು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬರಲಿ ಬಿಡಿ, ಬರಬೇಕಾದ ಕಡೆ ಬರದಿದ್ದರೆ ಅದೆಂಥ ಸಿಟ್ಟು. ಆದರೆ ಡಿ.ಎಡ್. ಎರಡನೇ ವರ್ಷದಲ್ಲಿ ಬಂದದ್ದು ಇವತ್ತಿನವರೆಗೂ ಇಳಿದಿಲ್ಲ. ಅದನ್ನು ಹೇಳಬೇಕಾದರೆ ನಮ್ಮ ಆನ್‌ಲೈನ್ ಪಾಠದಿಂದಲೇ ಶುರುಮಾಡಬೇಕು.

ನಮ್ಮ ತರಬೇತಿ ಸಂಸ್ಥೆಯಲ್ಲಿ ‘ಕಲಿಕೆ ಮತ್ತು ಬೋಧನೆಗೆ ಆನ್‌ಲೈನ್ ಸಾಧನಗಳು’ ಎಂದೊಂದು ವಿಷಯವಿತ್ತು. ಅದನ್ನು ಹೇಳಿಕೊಡುತ್ತಿದ್ದ ಉಪನ್ಯಾಸಕರು ಹಳದಿ ತಿರುಗಿದ ನೋಟ್ಸು ಹಿಡಿದು ಬರುತ್ತಿದ್ದರು. “ಬರ್ಕೊಳ್ಳಿ. ಮೊದಲನೆಯದಾಗಿ ಬ್ರೌಸರನ್ನು ತೆರೆಯಬೇಕು. ಪೂರ್ಣವಿರಾಮ. ಅನಂತರ” ಎಂದು ಉಕ್ತಲೇಖನ ಕೊಡುತ್ತಿದ್ದರು. ನಲವತ್ತು ಜನ ತಲೆ ಬಗ್ಗಿಸಿ ಬರೆಯುತ್ತಿದ್ದೆವು. ಕಂಪ್ಯೂಟರ್ ಕೊಠಡಿಗೆ ಬೀಗ. ಒಂದು ದಿನ ಬೀಗದ ಕೈ ಕೇಳಿದ್ದಕ್ಕೆ, “ಅದ್ಯಾಕಮ್ಮ ನಿಂಗೆ, ಪರೀಕ್ಷೇಲಿ ಬರೆಯೋಕೆ ನೋಟ್ಸ್ ಸಾಲ್ದಾ” ಎಂದರು.

ಹತ್ತು ಸಾಧನಗಳನ್ನು ‘ಬಳಸಿ ನೋಡಿ’ ರೆಕಾರ್ಡ್ ಪುಸ್ತಕ ಬರೆಯಬೇಕಿತ್ತು. ಬಳಸಿ ನೋಡುವುದು ಎಂದರೆ ಮೊಬೈಲಿನ ಪರದೆಯ ಚಿತ್ರ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ಹಾಕಿಸಿ, ಕತ್ತರಿಸಿ, ಎಡಪುಟಕ್ಕೆ ಗೋಂದಿನಲ್ಲಿ ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಚೌಕಟ್ಟು ಎಳೆಯುವುದು. ಅಷ್ಟೂ ಮಾಡದವರು ಹಿಂದಿನ ವರ್ಷದವರ ರೆಕಾರ್ಡಿನಿಂದ ಚಿತ್ರ ಕಿತ್ತು ತಮ್ಮದಕ್ಕೆ ಮೆತ್ತಿಕೊಳ್ಳುತ್ತಿದ್ದರು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಚೌಕಟ್ಟು ಸೊಟ್ಟಗಿದ್ದರೆ ಮಾತ್ರ ಅಂಕ ಹೋಗುತ್ತಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ನಾನು ಪೆದ್ದಿ, ನಿಜವಾಗಿಯೂ ಬಳಸಿ ನೋಡಿದೆ. ಆಗ ಕೃಷ್ಣಮೂರ್ತಿಪುರಂನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಸಂಜೆ ಅಡುಗೆಮನೆ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಮೊಬೈಲು ಒರಗಿಸಿಕೊಂಡು ಕೂರುತ್ತಿದ್ದೆ. ಮೊದಲು ಹುಡುಕಿದ್ದು ಮಕ್ಕಳಿಗಾಗಿ ಅಲ್ಲ, ನನಗಾಗಿ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಭಿನ್ನರಾಶಿ ಬರುತ್ತಿರಲಿಲ್ಲ. ಪಾಸಾಗಿದ್ದೆ, ಬರುತ್ತಿರಲಿಲ್ಲ. ಯಾರೋ ಒಬ್ಬ ಟೀಚರಮ್ಮ ಕಾಗದದ ಪಟ್ಟಿ ಮಡಚಿ ಮೂರನೇ ಒಂದು ಭಾಗ ತೋರಿಸುವ ವಿಡಿಯೊ ಸಿಕ್ಕಿತು. ಏಳು ಸಲ ಹಿಂದಕ್ಕೆಳೆದು ನೋಡಿದೆ. ಎಷ್ಟು ಸಲ ಕೇಳಿದರೂ ಆಯಮ್ಮ ಬೈಯಲಿಲ್ಲ. ಚಿಕ್ಕಮ್ಮ ಸೊಪ್ಪು ಸೋಸುತ್ತಾ, “ಏಳನೇ ಕ್ಲಾಸ್ ಲೆಕ್ಕಾನ ಈಗ ಕಲೀತಿದೀಯಲ್ಲೇ, ಇನ್ನು ಮಕ್ಕಳಿಗೆ ಏನ್ ಹೇಳ್ಕೊಟ್ಟೀಯೆ” ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಮಕ್ಕಳಿಗೆ ಪ್ರಶ್ನೆ ಕೇಳುವ ಸಾಧನಗಳನ್ನು ತೆರೆದು ನೋಡಿದೆ. ಎಲ್ಲಕ್ಕೂ ಮಗುವಿಗೊಂದು ಮೊಬೈಲು ಬೇಕು. ಸರ್ಕಾರಿ ಶಾಲೆಯ ಮಗು ಎಲ್ಲಿಂದ ತರುತ್ತದೆ. ಒಂದೊಂದನ್ನೇ ಅಳಿಸಿಹಾಕುತ್ತಾ ಹೋದಾಗ ಕೊನೆಗೊಂದು ಸಿಕ್ಕಿತು. ಅದರಲ್ಲಿ ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡು. ಮೇಲೆ ಕಪ್ಪು ಚೌಕಗಳ ಗುರುತು, ನಾಲ್ಕು ಅಂಚಿನಲ್ಲಿ ಇರುವೆಯಷ್ಟು ಸಣ್ಣದಾಗಿ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡು ತಿರುಗಿಸಿ ಹಿಡಿಯಬೇಕು. ಟೀಚರು ತನ್ನ ಮೊಬೈಲಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಸಾಕು, ಯಾರದು ಸರಿ, ಯಾರದು ತಪ್ಪು ಎಂದು ಹೆಸರು ಸಮೇತ ಪರದೆಯ ಮೇಲೆ ಬರುತ್ತದೆ. ಒಂದು ಕಾರ್ಡಿನ ಹಾಗೆ ಇನ್ನೊಂದು ಇರುವುದಿಲ್ಲ, ಅಕ್ಷರಗಳ ಜಾಗವೂ ಬೇರೆಬೇರೆ. ಮೂವತ್ತಾರು ಕಾರ್ಡು ಪ್ರಿಂಟ್ ಹಾಕಿಸಿ, ಚಿಕ್ಕಮ್ಮನ ಹಳೇ ಮದುವೆ ಕರೆಯೋಲೆಗಳ ಬೆನ್ನಿಗೆ ಅಂಟಿಸಿದೆ. ಅಷ್ಟು ಖುಷಿಯಾಗಿತ್ತು ನನಗೆ.

ಬೋಧನಾ ಅಭ್ಯಾಸಕ್ಕೆ ಹಾಕಿದ್ದು ಲಷ್ಕರ್ ಮೊಹಲ್ಲಾದ ಒಂದು ಕನ್ನಡ ಶಾಲೆಗೆ. ಏಳನೇ ತರಗತಿ, ಮೂವತ್ತಾರು ಮಕ್ಕಳು, ಮೂರು ವಾರ. ಆ ತರಗತಿಯನ್ನು ಮೊದಲ ದಿನ ನೋಡಿ ನಾನು ಬೆರಗಾದೆ. ಅಲ್ಲಿನ ಗಣಿತದ ಮೇಡಂ ಏನೇ ಕೇಳಲಿ, ಮೂವತ್ತಾರು ಕೈಯೂ ಮೇಲೆ. ಅವರು ಯಾರನ್ನು ಎಬ್ಬಿಸಿದರೂ ಸರಿ ಉತ್ತರ. “ಅರ್ಥ ಆಯ್ತಾ” ಎಂದರೆ “ಆಯ್ತು ಮಿಸ್” ಎಂಬ ಒಕ್ಕೊರಲು, ಕಿಟಕಿಯಾಚೆಯ ಪಾತ್ರೆ ಅಂಗಡಿಯವನು ತಿರುಗಿ ನೋಡಬೇಕು, ಅಷ್ಟು ಜೋರು.

ನಾಲ್ಕನೇ ದಿನ ಕಾರ್ಡು ಹಂಚಿದೆ. ಸುಲಭದ ಪ್ರಶ್ನೆಯೊಂದನ್ನು ಬರೆದೆ. ಮೊದಲ ಬೆಂಚಿನಲ್ಲಿ ತರಗತಿಗೇ ಜಾಣನಾದ ಹುಡುಗ ತನ್ನ ಕಾರ್ಡನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದ. ಹಿಂದಿನ ಬೆಂಚು ಅದನ್ನು ನೋಡಿ ಬಲಕ್ಕೆ ತಿರುಗಿಸಿತು. ಅದರ ಹಿಂದಿನದೂ ಅಷ್ಟೇ. ಮೂವತ್ತಾರು ಕಾರ್ಡೂ ಒಂದೇ ಸಮನೆ ಬಲಕ್ಕೆ ತಿರುಗಿದವು. ಅವನ ಉತ್ತರ ಸರಿಯಾಯಿತು, ಉಳಿದವರದು ದಿಕ್ಕಾಪಾಲು. “ಮಿಸ್, ಈ ಕಾರ್ಡು ಸರಿಯಿಲ್ಲ, ಬದಲಾಯ್ಸಿ ಕೊಡಿ” ಎಂದು ಹಿಂದಿನ ಬೆಂಚು ಗಲಾಟೆ ಎಬ್ಬಿಸಿತು. ನನಗೆ ನಗು ತಡೆಯಲಾಗಲಿಲ್ಲ.

ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ, ಯಾವತ್ತೂ ಬಾಯಿ ಬಿಡದ ಮಗು. ಕಾರ್ಡನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದಳು. “ಮಿಸ್, ಗೊತ್ತಿಲ್ದೋರು ಇದನ್ನ ಯಾವ್ ಕೈಲಿ ಹಿಡ್ಕೋಬೇಕು” ಎಂದಳು.

ನನ್ನ ನಗು ಅಲ್ಲೇ ನಿಂತಿತು. ಆ ಪ್ರಶ್ನೆಗೆ ನನಗೆ ವಿವರಣೆ ಬೇಕಾಗಿರಲಿಲ್ಲ. ನಮ್ಮೂರಿನ ಶಾಲೆಯಲ್ಲಿ ನಮ್ಮ ಮೇಷ್ಟ್ರು ಇದೇ ಕಾಯಿದೆ ಮಾಡಿದ್ದರು. ಗೊತ್ತಿರುವವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಯಾರಾದರೂ ಸಾಹೇಬರು ಬಂದಾಗ ಇಡೀ ತರಗತಿ ಕೈ ಎತ್ತಿದ ಹಾಗೆ ಕಾಣಬೇಕು, ಮೇಷ್ಟ್ರು ಬಲಗೈಯವರನ್ನೇ ಎಬ್ಬಿಸಬೇಕು. ಐದನೇ ತರಗತಿಯಿಂದ ಏಳನೆಯದರವರೆಗೆ ಗಣಿತದಲ್ಲಿ ನನ್ನದು ಎಡಗೈ. ಮೂರು ವರ್ಷ ಕೈ ಎತ್ತಿದ್ದೇನೆ, ಒಂದು ದಿನವೂ ಯಾರೂ ನನ್ನನ್ನು ಕೇಳಲಿಲ್ಲ. ಆಗ ಅದು ನನಗೆ ದೊಡ್ಡ ನೆಮ್ಮದಿ ಅನ್ನಿಸಿತ್ತು. ಚಿಕ್ಕಮ್ಮನ ಅಡುಗೆಮನೆಯಲ್ಲಿ ವಿಡಿಯೊವನ್ನು ಏಳು ಸಲ ಹಿಂದಕ್ಕೆಳೆದದ್ದು ಯಾಕೆ ಎಂದು ಈಗ ಗೊತ್ತಾಗಿ ಮೈಯೆಲ್ಲ ಉರಿದುಹೋಯಿತು.

ಗಣಿತದ ಮೇಡಮ್ಮನ್ನು ಊಟದ ಹೊತ್ತಿನಲ್ಲಿ ಈ ಎಡಗೈ ವಿಷಯ ಕೇಳಿದೆ. ಆಕೆ ಕೆಟ್ಟವರಲ್ಲ. ಒಂದು ಕೈಯಲ್ಲಿ ಬಿಸಿಯೂಟದ ಲೆಕ್ಕದ ಪುಸ್ತಕ, ಇನ್ನೊಂದರಲ್ಲಿ ಯಾವುದೋ ಸಮೀಕ್ಷೆಯ ಫಾರಮ್ಮು. “ಏನ್ ಮಾಡೋದಮ್ಮ, ಬಂದೋರು ಕೈ ಎತ್ತದೆ ಕೂತಿರೋ ಮಗೂನೇ ಎಬ್ಬಿಸ್ತಾರೆ. ಅದು ಬಾಯಿ ಬುಡಲ್ಲ, ನಿಂತ್ಕಂಡು ಅಳುತ್ತೆ. ಎಲ್ಲಾ ಕೈ ಎತ್ಬುಟ್ರೆ ಯಾರಿಗೂ ಅವಮಾನ ಇಲ್ಲ” ಎಂದರು.

“ಅವಮಾನ ಇಲ್ಲ ಸರಿ ಮೇಡಂ, ಪಾಠ?” ಎಂದೆ.

“ಪಾಠ ಆಗೇ ಆಗುತ್ತೆ ಬುಡು” ಎಂದು ಫಾರಮ್ಮಿನ ಕಡೆ ತಿರುಗಿದರು.

ಇಷ್ಟರಲ್ಲಿ ನನ್ನ ಅಂತಿಮ ಪಾಠದ ದಿನ ಬಂತು. ಅದೇ ಉಪನ್ಯಾಸಕರು ಕೊನೆಯ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ. ಶೇಕಡ ಎಂಬತ್ತು ಮಕ್ಕಳಿಗೆ ಪಾಠ ತಲುಪಿದೆ ಎಂದು ರೆಕಾರ್ಡಿನಲ್ಲಿ ತೋರಿಸಬೇಕು. ತೋರಿಸದಿದ್ದರೆ ಪಾಠ ಲೆಕ್ಕಕ್ಕಿಲ್ಲ, ಆ ವರ್ಷ ಸರ್ಟಿಫಿಕೇಟೂ ಇಲ್ಲ. ನಾನು ಭಿನ್ನರಾಶಿ ತೆಗೆದುಕೊಂಡೆ. ಒಂದೇ ಅಳತೆಯ ಎರಡು ಚಪಾತಿ, ಒಂದರಲ್ಲಿ ಮೂರನೇ ಒಂದು ಭಾಗ, ಇನ್ನೊಂದರಲ್ಲಿ ನಾಲ್ಕನೇ ಒಂದು ಭಾಗ, ಯಾವುದು ದೊಡ್ಡದು. ಪಾಠ ಮುಗಿಸಿ ಕಾರ್ಡು ಹಿಡಿಸಿದೆ. ಮೊಬೈಲು ಆಡಿಸಿದೆ. ಮೂವತ್ತಾರರಲ್ಲಿ ಹನ್ನೊಂದು ಸರಿ. ಉಳಿದವರೆಲ್ಲ ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದುಕೊಂಡಿದ್ದರು.

ಉಪನ್ಯಾಸಕರು ಎದ್ದು ಬಂದು ನನ್ನ ಮೊಬೈಲು ನೋಡಿದರು. “ಐಡಿಯಾ ಏನೋ ಚೆನ್ನಾಗಿದೆ. ಫೋಟೋ ತಕ್ಕೊ, ರೆಕಾರ್ಡಿಗೆ ಬರುತ್ತೆ. ಈ ಹನ್ನೊಂದನ್ನ ಮೂವತ್ತೊಂದು ಅಂತ ಬರಿ” ಎಂದರು.

“ಹನ್ನೊಂದೇ ಬಂದಿರೋದು ಸರ್.”

“ಅದು ನಂಗೂ ಕಾಣ್ಸುತ್ತೆ ಕಣಮ್ಮ. ಮೊದಲ್ನೇ ಒಂದನ್ನ ಮೂರು ಮಾಡು, ಮುಗೀತು. ಎಲ್ಲಾರೂ ಅಂಗೇ ಮಾಡೋದು.”

ಹಾಗೇ ಮಾಡಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನನ್ನ ರೆಕಾರ್ಡಿನಲ್ಲಿ ಸುಳ್ಳೇನು ಕಡಿಮೆ ಇರಲಿಲ್ಲ. ಕಲಿಸದ ಪಾಠ ಕಲಿಸಿದೆ ಎಂದು ಬರೆದಿದ್ದೆ, ಮಾಡದ ಚರ್ಚೆ ಮಾಡಿಸಿದೆ ಎಂದು ಬರೆದಿದ್ದೆ, ಎಲ್ಲರ ಹಾಗೆ. ಆದರೆ ಆ ಇಪ್ಪತ್ತು ಮಕ್ಕಳನ್ನು ಪೆನ್ನಿನ ಒಂದು ಗೀಟಿನಲ್ಲಿ ಬಲಗೈಗೆ ಸೇರಿಸಲು ನನ್ನ ಕೈ ಬರಲಿಲ್ಲ. ಅವರಲ್ಲಿ ಮೂರನೇ ಬೆಂಚಿನ ಹುಡುಗಿ ಇದ್ದಳು. ಮೊಬೈಲಿನ ಪರದೆಯ ಮೇಲೆ ಅವಳ ಹೆಸರು ಕೆಂಪಗೆ ನನ್ನನ್ನೇ ನೋಡುತ್ತಿತ್ತು. “ಆಗಲ್ಲ ಸರ್” ಎಂದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಹಾಳೆ ಮಡಚಿ, “ಮುಂದಿನ ವಾರ ಇನ್ನೊಂದು ಪಾಠ ಕೊಡು, ಅದು ಕೊನೇ ಅವಕಾಶ. ಈ ಕಾರ್ಡು ಗೀರ್ಡು ಬೇಡ, ಬಾಯಲ್ಲೇ ಕೇಳು” ಎಂದು ಹೊರಟರು. ಆನ್‌ಲೈನ್ ಸಾಧನಗಳ ಉಪನ್ಯಾಸಕರು ಹೇಳಿದ ಮಾತು ಇದು. ಸಾಧನದ ಚಿತ್ರ ರೆಕಾರ್ಡಿಗೆ ಬೇಕು, ಅದು ಹೇಳಿದ ನಿಜ ಬೇಡ.

ಆ ವಾರವೆಲ್ಲ ಊಟದ ಬಿಡುವಿನಲ್ಲಿ ಹಳೇ ಪೇಪರಿನ ಪಟ್ಟಿ ಮಡಚಿಸಿದೆ, ವಿಡಿಯೊದಲ್ಲಿ ಆಯಮ್ಮ ಮಾಡಿಸಿದ ಹಾಗೆಯೇ. ಶುಕ್ರವಾರ ಮತ್ತೆ ಕಾರ್ಡು ಹಿಡಿಸಿದರೆ ಇಪ್ಪತ್ತೇಳು ಸರಿ. ಸುಳ್ಳಲ್ಲ, ಮೊಬೈಲು ಎಣಿಸಿದ್ದು. ಆ ಹುಡುಗಿಯದೂ ಸರಿ. ಅದನ್ನು ಬರೆದಿಡೋಣವೆಂದು ರೆಕಾರ್ಡು ತೆಗೆದರೆ, ಮತ್ತೆ ಕಲಿಸಿದ್ದನ್ನು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಪಾಠದ ದಿನಾಂಕ, ಉದ್ದೇಶ, ಫಲಿತಾಂಶ, ಸಹಿ, ಅಷ್ಟೇ. ಪುಸ್ತಕವನ್ನು ಚೀಲಕ್ಕೆ ತುರುಕಿ ಬೈದುಕೊಂಡು ಮನೆಗೆ ನಡೆದೆ.

ಎರಡನೇ ಪಾಠ ಭಿನ್ನರಾಶಿ ಕೂಡುವುದು. ಉಪನ್ಯಾಸಕರು ಬಂದು ಕೂತರು. ಮಕ್ಕಳಿಗೆ ಮೊದಲೇ ಹೇಳಿದ್ದೆ, ಗೊತ್ತಿಲ್ಲದಿದ್ದರೆ ಕೈ ಕೆಳಗೇ ಇರಲಿ, ನಾನು ಬೈಯುವುದಿಲ್ಲ ಎಂದು. ಆದರೆ ಹೊರಗಿನವರನ್ನು ಕಂಡೊಡನೆ ಅಭ್ಯಾಸಬಲ. “ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿದರೆ ಎಷ್ಟು” ಎಂದದ್ದೇ ತಡ, ಮೂವತ್ತಾರು ಕೈಯೂ ಮೇಲೆ. ಹಿಂದೆ ಉಪನ್ಯಾಸಕರು ತೃಪ್ತಿಯಿಂದ ಪೆನ್ನು ತೆಗೆದರು. ನನ್ನ ಸರ್ಟಿಫಿಕೇಟು ಆ ಬಲಗೈಗಳ ಮೇಲೆ ನಿಂತಿತ್ತು. ಮೊದಲ ಬೆಂಚಿನ ಜಾಣನ ಬಲಗೈ ಮೂಗಿನ ಮುಂದೆಯೇ ಇತ್ತು, ಅವನ ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮೂರನೇ ಬೆಂಚಿನಲ್ಲಿ ಎಡಗೈ ಎದ್ದಿತ್ತು.

ನಾನು ಎಡಗೈಯನ್ನು ಕರೆದೆ.

ತರಗತಿಯೆಲ್ಲ ಅವಳ ಕಡೆ ತಿರುಗಿತು. ಆ ಶಾಲೆಯಲ್ಲಿ ಎಡಗೈಯನ್ನು ಯಾರೂ ಎಬ್ಬಿಸಿದ್ದಿರಲಿಲ್ಲ. ಜಾಣ ಹುಡುಗ ತಿರುಗಿ, “ಮಿಸ್, ಅದು ಎಡಗೈ” ಎಂದು ಪಿಸುಗುಟ್ಟಿದ, ನಾನು ತಪ್ಪಿಬಿಟ್ಟೆ ಎಂದುಕೊಂಡು. ಹುಡುಗಿ ಎದ್ದಳು. ಅಳುತ್ತಾಳೆ ಎಂದುಕೊಂಡೆ.

“ಗೊತ್ತಿಲ್ಲ ಮಿಸ್” ಎಂದಳು.

“ಎಲ್ಲಿಂದ ಗೊತ್ತಿಲ್ಲ ಹೇಳಮ್ಮ” ಎಂದೆ.

ಬೋರ್ಡಿನ ಕಡೆ ಬೆರಳು ತೋರಿಸಿದಳು. “ಮೇಲಿಂದು ಮೇಲಿಂದಕ್ಕೆ, ಕೆಳಗಿಂದು ಕೆಳಗಿಂದಕ್ಕೆ ಕೂಡ್ಬಾರ್ದು ಅಂದ್ರಿ. ಯಾಕ್ ಕೂಡ್ಬಾರ್ದು? ನಾನು ಅರ್ಧಕ್ಕೆ ಅರ್ಧ ಅಂಗೇ ಕೂಡ್ದೆ ಮಿಸ್. ನಾಲ್ಕನೇ ಎರಡು ಬಂತು. ಅದೂ ಅರ್ಧಾನೇ. ಅರ್ಧ ಚಪಾತಿ, ಇನ್ನರ್ಧ ಚಪಾತಿ ಸೇರುಸ್ದೆ, ಅರ್ಧಾನೇ ಉಳೀತು. ಇನ್ನರ್ಧ ಯಾರ್ ತಿಂದ್ರು?”

ಮಕ್ಕಳು ನಕ್ಕರು. ಆಮೇಲೆ ಯೋಚಿಸಿದರು. ನಾಲ್ಕನೇ ಬೆಂಚಿನಿಂದ “ಮಿಸ್, ನಂಗೂ ಅದೇ ಗೊತ್ತಾಗ್ಲಿಲ್ಲ” ಎಂದು ಒಬ್ಬ ಕೈ ಇಳಿಸಿದ. ಇನ್ನೊಬ್ಬಳು ಇಳಿಸಿದಳು. ನೋಡುನೋಡುತ್ತಾ ಎಡಗೈಗಳೆಲ್ಲ ಇಳಿದವು, ಎರಡು ಮೂರು ಬಲಗೈಗಳೂ ಇಳಿದವು. ನಾನು ಪೇಪರು ಪಟ್ಟಿ ಹಂಚಿ ಮಡಚಿಸಲು ಶುರುಮಾಡಿದೆ. ಗಂಟೆ ಹೊಡೆಯಿತು, ಪಾಠ ಮುಗಿದಿರಲಿಲ್ಲ. ಮಕ್ಕಳೂ ಏಳಲಿಲ್ಲ.

ಉಪನ್ಯಾಸಕರು ಹೊರಗೆ ಕಾರಿಡಾರಿನಲ್ಲಿ ಹಾಳೆ ತುಂಬಿಸಿ ಕೈಗೆ ಕೊಟ್ಟರು. ಶೇಕಡದ ಜಾಗ ಖಾಲಿ ಬಿಟ್ಟು ಪಾಸು ಮಾಡಿದ್ದರು, ಅಂಚಿನ ಅಂಕ, ಒಂದು ಕಡಿಮೆಯಾಗಿದ್ದರೂ ಬಿದ್ದುಹೋಗುತ್ತಿದ್ದೆ. ಕೆಳಗೆ ಷರಾ ಬರೆದಿದ್ದರು, ಮುತ್ತಿನಂಥ ಅಕ್ಷರ: ‘ಸಮಯ ಪಾಲನೆ ಇಲ್ಲ. ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯನ್ನು ಪ್ರಶ್ನಿಸಿದ್ದು ದೋಷ.’

“ಒಪ್ಪಿಗೆ ಇದ್ರೆ ಸೈನ್ ಮಾಡಮ್ಮ” ಎಂದರು.

ಎರಡು ಸಲ ಓದಿದೆ. ಸಹಿ ಮಾಡಿದೆ. ನನ್ನ ಇಡೀ ರೆಕಾರ್ಡಿನಲ್ಲಿ ಬರೆದಿರುವುದೆಲ್ಲ ನಿಜವಾಗಿರುವ ಹಾಳೆ ಅದೊಂದೇ.